ಹಾರಕ್ಕೆ ಬಿಟ್ಟ ಜಾಗ

ಫೋಟೋದಲ್ಲಿ ದೆವ್ವ ಬಿದ್ದಿದೆ ಎಂದು ಹೇಳಿಕೊಂಡು ನನ್ನ ಸ್ಟುಡಿಯೋಕ್ಕೆ ಬಂದವರು ಒಬ್ಬಿಬ್ಬರಲ್ಲ. ಮದುವೆಯ ಗುಂಪಿನ ಹಿಂದೆ ಬಿಳಿ ನೆರಳು, ಸತ್ತ ಅತ್ತೆಯ ಮುಖದ ಹಾಗೆ ಕಾಣುವ ಕಲೆ, ಒಂದೇ ಮಗುವಿಗೆ ಎರಡು ತಲೆ, ಹೀಗೆ. ನಾನು ಅವರ ಎದುರಿಗೇ ನೆಗೆಟಿವನ್ನು ಬೆಳಕಿಗೆ ಹಿಡಿದು, ಕ್ಯಾಮೆರಾದ ಚರ್ಮದ ಮಡಿಕೆಯಲ್ಲಿ ತೂತು ಬಿದ್ದಿದೆ, ರೋಲನ್ನು ಸುತ್ತುವುದು ಮರೆತು ಒಂದರ ಮೇಲೊಂದು ತೆಗೆದಿದ್ದಾರೆ, ಮಗು ತಲೆ ಅಲ್ಲಾಡಿಸಿದೆ ಎಂದು ಒಂದೊಂದನ್ನೂ ಬಿಡಿಸಿ ತೋರಿಸಿ ಕಳಿಸುತ್ತಿದ್ದೆ. ಹೋಗುವಾಗ ಕೆಲವರ ಮುಖ ಸಪ್ಪಗಾಗಿರುತ್ತಿತ್ತು. ದೆವ್ವ ಇಲ್ಲವಲ್ಲ ಎಂಬ ಬೇಜಾರು ಅವರಿಗೆ. ನನಗೆ ಅದರಲ್ಲಿ ಒಂದು ಸೊಕ್ಕಿನ ಖುಷಿ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಕತ್ತಲ ಕೋಣೆಯಲ್ಲೇ ಅರ್ಧ ಆಯುಷ್ಯ ಕಳೆದ ನನಗೆ ಕಾಣದ ದೆವ್ವ ಈ ಜನರಿಗೆ ಹೇಗೆ ಕಾಣುತ್ತದೆ ಎಂದು ಗೆಳೆಯರ ಮುಂದೆ ನಗಾಡುತ್ತಿದ್ದೆ.

ಅಂಥವನು ಇದನ್ನು ಬರೆಯಲು ಕೂತಿದ್ದೇನೆ. ನಂಬಿ ಎಂದು ನಿಮ್ಮನ್ನು ಒತ್ತಾಯಿಸುವುದಿಲ್ಲ. ನಾನೇ ಪೂರ್ತಿ ನಂಬಿದ್ದೇನೆಯೇ ಎಂದು ಕೇಳಿದರೆ ಉತ್ತರ ಕೊಡುವುದು ಕಷ್ಟ. ಇಂಥ ಅನುಭವ ಹೇಳುವವರೆಲ್ಲ ಅಮಾವಾಸ್ಯೆಯ ರಾತ್ರಿ, ಸುಡುಗಾಡಿನ ದಾರಿ ಎಂದು ಸುರು ಮಾಡುತ್ತಾರೆ. ನನಗೆ ಆ ಅನುಕೂಲವೂ ಇಲ್ಲ. ಇದು ನಡೆದದ್ದು ಮಟಮಟ ಮಧ್ಯಾಹ್ನ. ಹೊರಗೆ ರಸ್ತೆಯಲ್ಲಿ ನೆಲಕ್ಕೆ ಹಾಸುವ ಫರ್ಸಿ ಕಲ್ಲು ತುಂಬಿದ ಲಾರಿಗಳು ಓಡಾಡುತ್ತಿದ್ದವು. ನಾನು ಹೊಟ್ಟೆ ತುಂಬ ಜೋಳದ ರೊಟ್ಟಿ ತಿಂದು, ಯಾವ ಜ್ವರವೂ ಚಿಂತೆಯೂ ಇಲ್ಲದೆ ಕೆಲಸಕ್ಕೆ ಕೂತಿದ್ದೆ.

ನಮ್ಮದು ಇನ್ನೂ ಮೈಸೂರು ರಾಜ್ಯ ಎನ್ನಿಸಿಕೊಳ್ಳುತ್ತಿದ್ದ ಕಾಲ. ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ನನ್ನ ಸ್ಟುಡಿಯೋ. ಮುಂದೆ ಗಿರಾಕಿಗಳಿಗೆ ಒಂದು ಬೆಂಚು, ನಡುವೆ ಬಣ್ಣ ಬಳಿದ ಪರದೆ ಮತ್ತು ಎರಡು ದೀಪ, ಹಿಂದೆ ಕತ್ತಲ ಕೋಣೆ. ಪಕ್ಕದ ಮಳಿಗೆಯಲ್ಲಿ ಚೌಕಟ್ಟು ಕಟ್ಟುವ ಉಸ್ಮಾನ್ ಸಾಬರು. ನಾನು ಚಿತ್ರ ಮಾಡಿದರೆ ಅವರು ಕಟ್ಟು ಹಾಕುವುದು, ಹೀಗೆ ನಮ್ಮಿಬ್ಬರ ಸಂಸಾರ ಒಂದೇ ಗೋಡೆಯ ಆಚೀಚೆ ನಡೆಯುತ್ತಿತ್ತು.

ಫೋಟೋ ತೆಗೆಯುವುದು ನಮ್ಮ ಕಸುಬಿನ ಅರ್ಧ ಮಾತ್ರ. ತೆಗೆದದ್ದನ್ನು ಎಲ್ಲಿ ಕತ್ತರಿಸಬೇಕು ಎಂಬುದು ಉಳಿದ ಅರ್ಧ. ಒಂದೇ ನೆಗೆಟಿವ್, ಆದರೆ ಯಾವುದಕ್ಕೆ ಬೇಕು ಎನ್ನುವುದರ ಮೇಲೆ ಆಕಾರ ಬೇರೆ. ಕಾರ್ಖಾನೆಯ ಗೇಟ್ ಪಾಸಿಗಾದರೆ ಅಂಚೆಚೀಟಿಗಿಂತ ಒಂಚೂರು ದೊಡ್ಡದು, ಎರಡೂ ಕಿವಿ ಕಾಣಲೇಬೇಕು. ಹೆಣ್ಣು ತೋರಿಸುವ ಫೋಟೋ ಆದರೆ ಉದ್ದಕ್ಕೆ ಬೇಕು, ಪಾದ ಕಾಣಬೇಕು, ಇಲ್ಲದಿದ್ದರೆ ಗಂಡಿನ ಕಡೆಯವರಿಗೆ ಕಾಲಿನ ಮೇಲೆ ಅನುಮಾನ. ಪತ್ರಿಕೆಯವರು ಒಂದು ಕಾಲಮ್ಮಿನ ಅಗಲ ಕೊಡುತ್ತಾರೆ, ಅದರಲ್ಲಿ ಹೆಗಲು ಹಿಡಿಸುವುದಿಲ್ಲ, ಮುಖವಷ್ಟೇ. ಇನ್ನು ಗೋಡೆಗೆ ಹಾಕುವುದು. ಅದು ತೀರಿಕೊಂಡವರದು. ಹತ್ತಕ್ಕೆ ಹನ್ನೆರಡು ಇಂಚಿನ ಅಳತೆ, ಎದೆಯಿಂದ ಮೇಲಕ್ಕೆ, ಒಬ್ಬರೇ ಇರಬೇಕು, ತಲೆಯ ಮೇಲೆ ನಾಲ್ಕು ಬೆರಳು ಖಾಲಿ ಜಾಗ. ಆ ಜಾಗ ಹಾರಕ್ಕೆ. ಅದನ್ನು ಬಿಡದಿದ್ದರೆ ಹಾರ ಹಣೆಗೆ ಇಳಿದು ಕಣ್ಣು ಮುಚ್ಚುತ್ತದೆ. ಬದುಕಿದ್ದವರ ಫೋಟೋದಲ್ಲಿ ಅಷ್ಟು ಜಾಗ ಬಿಟ್ಟರೆ ಮನೆಯವರು ಜಗಳಕ್ಕೆ ಬರುತ್ತಾರೆ. ಹೊಸದರಲ್ಲಿ ಒಬ್ಬ ಶಾಲಾ ಮಾಸ್ತರರ ಫೋಟೋಕ್ಕೆ ಅಂದ ಕಾಣಲೆಂದು ಬಿಟ್ಟು, ಅವರ ಹೆಂಡತಿಯಿಂದ ಚೆನ್ನಾಗಿ ಬೈಸಿಕೊಂಡಿದ್ದೇನೆ.

ಒಂದು ಚಳಿಗಾಲದಲ್ಲಿ ದಂಡೋತಿಯಿಂದ ಭೀಮಶಾ ಎಂಬ ರೈತರು ಬಂದರು. ಅರವತ್ತು ದಾಟಿದವರು, ಹಣೆಗೆ ವಿಭೂತಿ, ಹೆಗಲ ಮೇಲೆ ಕಂಬಳಿ. ಅವರ ಮಗ ಸಾಬಣ್ಣ ನಮ್ಮ ಊರಿನ ಫರ್ಸಿ ಖಣಿಯಲ್ಲಿ ಕೆಲಸಕ್ಕಿದ್ದವನು. ನಾಲ್ಕು ವರ್ಷದ ಹಿಂದೆ ವಾಡಿಯಲ್ಲಿ ಬೇರೆ ಕೆಲಸ ಸಿಗುತ್ತದೆಂದು ಹೇಳಿ ಹೋದವನು ತಿರುಗಿ ಬಂದಿರಲಿಲ್ಲ. ವಾಡಿ ಜಂಕ್ಷನ್ನಿನಲ್ಲಿ ಮದ್ರಾಸಿನ ಕಡೆಯ ಗಾಡಿ ಹತ್ತಿದ್ದನ್ನು ಕಂಡೆ ಎಂದು ಒಬ್ಬರು ಹೇಳಿದರೆ, ಮುಂಬಯಿಯ ಕಡೆಯದು ಎಂದು ಇನ್ನೊಬ್ಬರು ಹೇಳಿದ್ದರು. ಹೋಗುವ ಮೊದಲು, ಒಂದು ಹಬ್ಬದ ದಿನ, ಖಣಿಯ ನಾಲ್ವರು ಗೆಳೆಯರ ಜೊತೆ ನನ್ನಲ್ಲೇ ಒಂದು ಫೋಟೋ ತೆಗೆಸಿದ್ದ. ಮೂವರು ಬೆಂಚಿನ ಮೇಲೆ, ಇಬ್ಬರು ಹಿಂದೆ ಎರಡು ತುದಿಗೆ ನಿಂತು. ಬೆಂಚಿನ ನಡುವೆ ಕೂತವನೇ ಸಾಬಣ್ಣ. ಅವನದೆಂದು ಇದ್ದದ್ದು ಅದೊಂದೇ ಚಿತ್ರ.

ಭೀಮಶಾಗೆ ಗುಲಬರ್ಗಾದ ಪತ್ರಿಕೆಯಲ್ಲಿ 'ಕಾಣೆಯಾಗಿದ್ದಾನೆ' ಎಂದು ಹಾಕಿಸಬೇಕಿತ್ತು. ನಾನು ನೆಗೆಟಿವ್ ಹುಡುಕಿ ತೆಗೆದು, ಸಾಬಣ್ಣನ ಮುಖದಷ್ಟನ್ನು ಒಂದು ಕಾಲಮ್ಮಿನ ಅಗಲಕ್ಕೆ ಕತ್ತರಿಸಿ ಕೊಟ್ಟೆ. ಯಾವ ತಂಟೆಯೂ ಇಲ್ಲದೆ ಒಂದೇ ಸಲಕ್ಕೆ ಬಂತು. ಅಭ್ಯಾಸದಂತೆ ಅದೇ ಅಳತೆಯ ಇನ್ನೊಂದು ಪ್ರತಿ ಮಾಡಿ ಲಕೋಟೆಯಲ್ಲಿ ಇಟ್ಟುಕೊಂಡೆ. ಪತ್ರಿಕೆಯಲ್ಲಿ ಅದು ಮಸಿ ಹೀರಿಕೊಂಡು ಹೆಬ್ಬೆಟ್ಟಿನ ಗುರುತಿನಂತೆ ಅಚ್ಚಾಯಿತು. ಯಾರಿಂದಲೂ ಸುದ್ದಿ ಬರಲಿಲ್ಲ.

ಎರಡು ತಿಂಗಳ ಮೇಲೆ ಒಬ್ಬ ಹೆಣ್ಣುಮಗಳು ಒಬ್ಬಳೇ ಬಂದಳು. ಇಪ್ಪತ್ತಮೂರು, ಇಪ್ಪತ್ತನಾಲ್ಕರ ವಯಸ್ಸು. ಸೆರಗಿನ ಗಂಟಿನಿಂದ ಮಡಿಚಿದ ಪತ್ರಿಕೆಯ ತುಣುಕು ತೆಗೆದು ನನ್ನ ಮುಂದಿಟ್ಟಳು.

“ಇದು ದೊಡ್ಡದು ಮಾಡಾಕ ಬರ್ತದೇನ್ರಿ? ಒಬ್ಬಂವಂದೇ. ಗ್ವಾಡಿಗಿ ಹಾಕಾಂಗ.”

“ಬರ್ತದ. ಹಾರದ ಜಾಗ ಬಿಡಬೇಕೇನು?”

“ಬಿಡ್ರಿ.”

ಸಾಬಣ್ಣ ಸತ್ತ ಸುದ್ದಿ ಬಂತೇ ಎಂದು ಕೇಳಿದೆ. ಇಲ್ಲ ಎಂದಳು. ಆಕೆ ಅವನ ಹೆಂಡತಿ, ಹೆಸರು ಚಂದಮ್ಮ. ನಾನು ಕೇಳದೆಯೇ ಎಲ್ಲ ಹೇಳಿದಳು. ಮದುವೆಯಾಗಿ ಒಂದು ವರ್ಷ ಸಂಸಾರ, ನಾಲ್ಕು ವರ್ಷ ಕಾಯುವುದು. ಮಕ್ಕಳಿಲ್ಲ. ತವರು ಸುಲೇಪೇಟ. ಅಲ್ಲಿ ಹೆಂಡತಿ ತೀರಿಕೊಂಡ ಕಿರಾಣಿ ಅಂಗಡಿಯವರೊಬ್ಬರು ಈಕೆಯನ್ನು ಉಡಿಕಿ ಮಾಡಿಕೊಳ್ಳಲು ಒಪ್ಪಿದ್ದರು. ಉಡಿಕಿ ಎಂದರೆ ಗಂಡ ಹೋದವಳಿಗೆ ಎರಡನೆಯ ಸಲ ಸೀರೆ ಉಡಿಸಿ ಹೊಸ ಮನೆಗೆ ಕಳಿಸುವುದು. ನಮ್ಮ ಕಡೆ ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಗಂಡ ಹೋಗಿದ್ದಾನೆಂದು ಅತ್ತೆ ಮನೆಯ ಹಿರಿಯರು ಒಪ್ಪಬೇಕು. ಅಂಗಡಿಯವರು ಯುಗಾದಿಯ ತನಕ ಮಾತ್ರ ಕಾಯುವುದಾಗಿ ಹೇಳಿದ್ದರು.

“ಮಾವ ಕೆಟ್ಟವರಲ್ರಿ,” ಎಂದಳು. “ನನ್ನ ಮಗಳಂಗ ನೋಡ್ಕೊಂಡಾರ. ಆದ್ರ ಮಗ ಸತ್ತಾನ ಅನ್ನೋ ಮಾತು ಅವರ ಬಾಯಾಗ ಬರವಲ್ದು. ಅವನ ಫೋಟೋ ಗ್ವಾಡಿಗಿ ಹಾಕಿ ಹಾರ ಹಾಕು, ಆಮ್ಯಾಗ ನಾ ಬ್ಯಾಡ ಅನ್ನಂಗಿಲ್ಲ ಅಂತ ನಾಕ್ ಮಂದಿ ಎದ್ರಿಗಿ ಅಂದಾರ.”

ಭೀಮಶಾ ಯಾವ ಧೈರ್ಯದ ಮೇಲೆ ಹಾಗೆ ಮಾತು ಕೊಟ್ಟರೆಂದು ನನಗೆ ಆಗಲೇ ಹೊಳೆಯಿತು. ಅವರ ಮನೆಯಲ್ಲಿದ್ದ ಚಿತ್ರದಲ್ಲಿ ಐವರಿದ್ದರು, ಉಳಿದ ನಾಲ್ವರು ಗಟ್ಟಿಮುಟ್ಟಾಗಿ ಖಣಿಯಲ್ಲಿ ಕಲ್ಲು ಒಡೆಯುತ್ತಿದ್ದರು. ಬದುಕಿದ್ದವರು ಇರುವ ಚಿತ್ರಕ್ಕೆ ಯಾರೂ ಹಾರ ಹಾಕುವುದಿಲ್ಲ. ಒಬ್ಬನನ್ನೇ ತೆಗೆದರೆ ಪತ್ರಿಕೆಯಲ್ಲಿ ಬಂದಂತೆ ಹೆಬ್ಬೆಟ್ಟಿನಷ್ಟಾಗುತ್ತದೆ, ಅದಕ್ಕಿಂತ ದೊಡ್ಡದಾಗುವುದಿಲ್ಲ ಎಂದು ಮುದುಕರು ತಿಳಿದಿದ್ದರು. ಹಾರ ಹಾಕುವಂಥ ಫೋಟೋ ಇಲ್ಲ, ಹಾಗಾಗಿ ಮಗ ಸತ್ತಿಲ್ಲ ಎನ್ನುವುದು ಅವರ ಲೆಕ್ಕ. ಚಂದಮ್ಮನಿಗೆ ಆ ಲೆಕ್ಕ ಸರಿಯೆನಿಸದೆ ನನ್ನ ಹತ್ತಿರ ಬಂದಿದ್ದಳು. ನನಗೆ ಮುದುಕರ ಮೇಲೆ ಕನಿಕರವೂ ಬಂತು, ಈಕೆಯ ಜಾಣತನಕ್ಕೆ ಮೆಚ್ಚುಗೆಯೂ ಆಯಿತು.

“ಸಂಜಿ ಬಸ್ಸಿಗಿ ಹೋಗಬೇಕ್ರಿ. ಅಷ್ಟರಾಗ ಆಗ್ತದಲ್ರಿ?” ಎಂದು ಕೇಳಿದಳು. ಎರಡು ತಾಸಿನ ಕೆಲಸ, ಕೂತುಕೋ ಎಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಂಡೆ.

ನಮ್ಮ ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಎನ್ಲಾರ್ಜರ್ ಯಂತ್ರದೊಳಗೆ ನೆಗೆಟಿವ್ ಇಟ್ಟು ದೀಪ ಹಚ್ಚಿದರೆ ಕೆಳಗಿನ ಹಲಗೆಯ ಮೇಲೆ ಅದರ ನೆರಳು ದೊಡ್ಡದಾಗಿ ಬೀಳುತ್ತದೆ. ಹಲಗೆಯ ಮೇಲೆ ನಾಲ್ಕು ತಗಡಿನ ಪಟ್ಟಿಗಳಿರುತ್ತವೆ. ಅವನ್ನು ಸರಿಸಿ, ಚಿತ್ರದಲ್ಲಿ ಎಷ್ಟು ಬೇಕೋ ಅಷ್ಟಕ್ಕೆ ಚೌಕ ಮಾಡಿಕೊಳ್ಳುವುದು. ಆಮೇಲೆ ಆ ಚೌಕದಲ್ಲಿ ಕಾಗದ ಇಟ್ಟು, ಎಣಿಸಿ ಬೆಳಕು ಕೊಟ್ಟು, ಮದ್ದಿನ ತಟ್ಟೆಯಲ್ಲಿ ಮುಳುಗಿಸಿದರೆ ಚಿತ್ರ ಮೆಲ್ಲಗೆ ಮೂಡುತ್ತದೆ. ಹಲಗೆಯ ಮೇಲೆ ಕಂಡದ್ದೇ ತಟ್ಟೆಯಲ್ಲಿ ಮೂಡಬೇಕು. ಬೇರೆ ದಾರಿಯೇ ಇಲ್ಲ.

ನಾನು ಸಾಬಣ್ಣನನ್ನು ಎದೆಯಿಂದ ಮೇಲಕ್ಕೆ ಚೌಕದೊಳಗೆ ತಂದೆ. ಅಂಗಿಯ ಜೇಬಿನ ಮೇಲಂಚು ಕೆಳಗೆ, ತಲೆಯ ಮೇಲೆ ನಾಲ್ಕು ಬೆರಳು ಜಾಗ. ಅಕ್ಕಪಕ್ಕ ಕೂತಿದ್ದವರ ಒಂದೊಂದು ಹೆಗಲು ಚೌಕದೊಳಗೆ ಬರುತ್ತಿತ್ತು. ಅದನ್ನು ಆಮೇಲೆ ಕುಂಚದಿಂದ ಅಳಿಸಬಹುದಿತ್ತು. ಕಾಗದ ಇಟ್ಟು ಬೆಳಕು ಕೊಟ್ಟು ತಟ್ಟೆಗೆ ಹಾಕಿದೆ.

ಮೂಡಿದ ಚಿತ್ರದಲ್ಲಿ ತಲೆ ಮೇಲಿನ ಅಂಚಿಗೆ ತಾಗಿತ್ತು. ಹಾರಕ್ಕೆ ಜಾಗವಿರಲಿಲ್ಲ. ಹಲಗೆಗೆ ಮೊಣಕೈ ತಾಗಿ ಸರಿದಿರಬೇಕು ಎಂದು ನನ್ನನ್ನೇ ಬೈದುಕೊಂಡೆ. ಮತ್ತೆ ಅಳೆದೆ. ಈ ಸಲ ಹಲಗೆಯನ್ನು ಮೇಜಿಗೆ ಮೊಳೆ ಹೊಡೆದು ಕೂಡಿಸಿದೆ. ಎರಡನೆಯ ಕಾಗದದಲ್ಲಿ ಅವನ ಹಣೆಯ ಅರ್ಧ ಮೇಲಿನ ಅಂಚಿನಾಚೆ ಹೋಗಿತ್ತು. ಕೆಳಗೆ ಜೇಬು ಪೂರ್ತಿ ಕಾಣುತ್ತಿತ್ತು.

ಹೀಗಾದಾಗ ಯಾವ ಫೋಟೋಗ್ರಾಫರನೂ ದೆವ್ವ ಎನ್ನುವುದಿಲ್ಲ. ಯಂತ್ರದ ತಿರುಪು ಸಡಿಲ, ಅದು ತನ್ನ ಭಾರಕ್ಕೆ ತಾನೇ ಜಾರುತ್ತಿದೆ ಎನ್ನುತ್ತಾನೆ. ನಾನೂ ಹಾಗೇ ಅಂದುಕೊಂಡು ತಿರುಪುಗಳನ್ನೆಲ್ಲ ಇಕ್ಕಳ ಹಾಕಿ ಬಿಗಿಮಾಡಿದೆ. ಕಾಗದ ಇಡುವ ಮೊದಲು ನೆರಳಿನ ತಲೆಯ ಮೇಲೆ ನಾಲ್ಕು ಬೆರಳಿಟ್ಟು ನೋಡಿದೆ, ಸರಿಯಾಗಿತ್ತು. ಬೆಳಕು ಕೊಟ್ಟ ಮೇಲೆ ಕಾಗದ ತೆಗೆದು ಮತ್ತೆ ನೋಡಿದೆ, ಆಗಲೂ ಸರಿಯಾಗಿತ್ತು. ತಟ್ಟೆಯಲ್ಲಿ ಮೂಡಿದ್ದು ಮೂಗಿನಿಂದ ಕೆಳಗಿನ ಮುಖ. ಅಂಗಿಯ ಜೇಬು ಚಿತ್ರದ ನಡುವೆ ಬಂದಿತ್ತು.

ಮೂರೂ ಕಾಗದಗಳನ್ನು ಕೆಂಪು ದೀಪದ ಕೆಳಗೆ ಒಂದರ ಪಕ್ಕ ಒಂದು ಇಟ್ಟೆ. ಯಂತ್ರ ಜಾರಿದ್ದರೆ ಚಿತ್ರವೆಲ್ಲ ಜಾರಬೇಕು. ಆದರೆ ಅಕ್ಕಪಕ್ಕದವರ ಹೆಗಲು ಮೂರರಲ್ಲೂ ಅದೇ ಜಾಗದಲ್ಲಿತ್ತು, ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಹಿಂದಿನ ಪರದೆಯ ಮೇಲೆ ನಾನೇ ಬಳಿದಿದ್ದ ಕಂಬದ ಗೆರೆಯೂ ಅದೇ ಜಾಗದಲ್ಲಿತ್ತು. ಸರಿದವನು ಸಾಬಣ್ಣ ಒಬ್ಬನೇ.

ನಾಲ್ಕನೆಯದನ್ನು ಯಾಕೆ ಮಾಡಿದೆನೋ ತಿಳಿಯದು. ಬಿಟ್ಟುಬಿಡಬಹುದಿತ್ತು. ಅದರಲ್ಲಿ ಮುಖವೇ ಇರಲಿಲ್ಲ. ಅಂಗಿಯ ಕಾಲರು ಮೇಲಿನ ಅಂಚಿನಲ್ಲಿ, ಅಂಗಿಯ ಕೊನೆ ಮತ್ತು ಧೋತರದ ಗಂಟು ಕೆಳಗೆ. ಎರಡೂ ಕಡೆ ಆ ಹೆಗಲುಗಳು, ಇದ್ದಲ್ಲೇ. ತಕ್ಷಣ ಚೌಕ ಬಿಚ್ಚಿ ಐವರದೂ ಪೂರ್ತಿ ಚಿತ್ರ ಮಾಡಿ ನೋಡಿದೆ. ಸಾಬಣ್ಣ ಬೆಂಚಿನ ನಡುವೆ ತೆಪ್ಪಗೆ ಕೂತಿದ್ದ, ಕೈ ಎರಡೂ ಮೊಣಕಾಲ ಮೇಲೆ.

ನಾಲ್ಕು ಕಾಗದಗಳನ್ನೂ, ಮೂಡಿದ ಚಿತ್ರ ಅಳಿಯದಂತೆ ನಿಲ್ಲಿಸುವ ಹೈಪೋ ಮದ್ದಿನಲ್ಲಿ ಒಮ್ಮೆ ಅದ್ದಿ, ಹಿಂಬಾಗಿಲಿನಿಂದ ಉಸ್ಮಾನ್ ಸಾಬರ ಮಳಿಗೆಗೆ ಒಯ್ದೆ. ಅವರು ಐದು ಹೊತ್ತು ನಮಾಜು ಮಾಡುವ, ಇಲ್ಲದ್ದನ್ನು ಇದೆ ಎಂದು ಹೇಳದ ಮನುಷ್ಯ. ಏನೂ ಹೇಳದೆ ನಾಲ್ಕನ್ನೂ ಅವರ ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಚಷ್ಮಾ ಒರೆಸಿಕೊಂಡು ನೋಡಿದರು. ಎಡದಿಂದ ಬಲಕ್ಕೆ ಒಂದು ಸಲ, ಮತ್ತೆ ಒಂದು ಸಲ.

“ಈ ಮನಷ್ಯಾ ಏಳಾಕತ್ಯಾನಲ್ರಿ,” ಎಂದರು.

ನನಗೆ ಆ ಮಾತು ಅಲ್ಲಿಯ ತನಕ ಹೊಳೆದಿರಲಿಲ್ಲ. ಕೂತವನು ಎದ್ದು ನಿಲ್ಲುತ್ತಿದ್ದ. ಒಂದೊಂದು ಕಾಗದದಲ್ಲಿ ಒಂದಿಷ್ಟು. ಉಸ್ಮಾನ್ ಸಾಬರು ಹೊರಗೆ ಬೆಂಚಿನ ಮೇಲಿದ್ದ ಚಂದಮ್ಮನ ಕಡೆ ನೋಡಿ, ಯಾರ ಫೋಟೋ ಎಂದು ಕೇಳಿದರು. ಹೇಳಿದೆ. ಅವರು ಕಾಗದಗಳನ್ನು ಮುಗುಚಿ ಹಾಕಿ, “ಆಕಿಗಿ ತೋರಸಬ್ಯಾಡ್ರಿ” ಎಂದಷ್ಟೇ ಹೇಳಿದರು.

ತೋರಿಸುವ ಮನಸ್ಸು ನನಗೂ ಇರಲಿಲ್ಲ. ತೋರಿಸಿದರೆ ಆಗುವುದೇನು? ಗಂಡ ಬದುಕಿದ್ದಾನೆ ಎಂದು ನನ್ನ ಕಾಗದಗಳೇ ಸಾಕ್ಷಿ ಹೇಳಿದಂತಾಗುತ್ತಿತ್ತು. ದಂಡೋತಿ ಎಲ್ಲ ಅದನ್ನೇ ಆಡುತ್ತಿತ್ತು. ಸುಲೇಪೇಟದವರು ಹಿಂದೆ ಸರಿಯುತ್ತಿದ್ದರು. ಈ ಹುಡುಗಿ ಮುದುಕಿಯಾಗುವ ತನಕ ವಾಡಿಯ ಕಡೆ ನೋಡುತ್ತ ಕೂರಬೇಕಾಗುತ್ತಿತ್ತು. ನಾಲ್ಕು ತುಂಡು ಒದ್ದೆ ಕಾಗದಕ್ಕಾಗಿ ಒಂದು ಬಾಳು ಹಾಳಾಗಬೇಕೆ? ಹಾಗೆಂದು ಫೋಟೋ ಕೊಡದಿದ್ದರೂ ಅದೇ ಗತಿ.

ಹೊರಗೆ ಹೋಗಿ, ಫಿಲ್ಮು ಕೆಟ್ಟಿದೆ, ಇವತ್ತು ಆಗುವುದು ಕಷ್ಟ ಎಂದೆ. ಆಕೆ ನನ್ನ ಮುಖವನ್ನೇ ನೋಡಿದಳು.

“ಮಾವ ಬಂದು ನಿಮಗ ಏನರ ಹೇಳ್ಯಾರೇನ್ರಿ?”

“ಇಲ್ಲವ್ವ.”

“ಹೇಳಿದ್ರ ಹೇಳ್ಯಾರ ಅನ್ರಿ. ನಾ ಏನೂ ಅನ್ನಂಗಿಲ್ಲ. ಸುಮ್ನ ಕುಂದ್ರಿಸಬ್ಯಾಡ್ರಿ. ನನಗ ಕುಂತು ಕುಂತು ಭಾಳ ಬ್ಯಾಸರ ಬಂದದ.”

ದನಿ ಎತ್ತಲಿಲ್ಲ, ಅಳಲಿಲ್ಲ. ಆಕೆ ಅತ್ತಿದ್ದರೆ ನಾನು ಬಹುಶಃ ಸಮಾಧಾನ ಹೇಳಿ ಕಳಿಸಿಬಿಡುತ್ತಿದ್ದೆ. ಇನ್ನೊಂದು ತಾಸು ಕೊಡು ಎಂದು ಹೇಳಿ ಒಳಗೆ ಹೋದೆ.

ಮುಂದೆ ಮಾಡಿದ್ದನ್ನು ನಾನು ಬಹಳ ವರ್ಷ ಯಾರಿಗೂ ಹೇಳಿರಲಿಲ್ಲ. ಪತ್ರಿಕೆಗಾಗಿ ಕತ್ತರಿಸಿದ್ದ ಮುಖದ ಆ ಇನ್ನೊಂದು ಪ್ರತಿ ಲಕೋಟೆಯಲ್ಲಿತ್ತಲ್ಲ, ಅದನ್ನು ತೆಗೆದೆ. ಕತ್ತರಿಯಿಂದ ಮುಖದ ಸುತ್ತ ಬಿಡಿಸಿ, ಬೂದು ಬಣ್ಣದ ರಟ್ಟಿನ ಮೇಲೆ ಅಂಟಿಸಿದೆ. ಕಾಲಮ್ಮಿನ ಅಗಲದಲ್ಲಿ ಹೆಗಲು ಬಂದಿರಲಿಲ್ಲ, ಕುಂಚದಿಂದ ಹೆಗಲು ಬರೆದೆ. ಅಂಗಿ ಬರೆದೆ. ತಲೆಯ ಮೇಲೆ ನಾಲ್ಕು ಬೆರಳು ಬೂದು ಜಾಗ ಬಿಟ್ಟೆ. ಆಮೇಲೆ ಆ ರಟ್ಟನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸಿ ಫೋಟೋ ತೆಗೆದು, ಆ ಹೊಸ ನೆಗೆಟಿವಿನಿಂದ ಹತ್ತು ಹನ್ನೆರಡರ ಚಿತ್ರ ಮಾಡಿದೆ. ತಟ್ಟೆಯ ಮೇಲೆ ಬಗ್ಗಿ ನೋಡಿದೆ. ಅವನು ಅಲುಗಲಿಲ್ಲ. ನಾನು ಎಲ್ಲಿ ಕೂರಿಸಿದ್ದೆನೋ ಅಲ್ಲೇ ಇದ್ದ.

ಉಸ್ಮಾನ್ ಸಾಬರು ಕಟ್ಟು ಹಾಕಿಕೊಟ್ಟರು. ಚಂದಮ್ಮ ಬಹಳ ಹೊತ್ತು ಚಿತ್ರ ನೋಡಿದಳು. ನಾನು ಬರೆದ ಹೆಗಲಿನ ಮೇಲೆ ಬೆರಳಾಡಿಸಿ, “ಇಷ್ಟು ದಪ್ಪ ಇರಲಿಲ್ರಿ ಅಂವ” ಎಂದಳು. ಬೆಳಕಿಗೆ ಹಾಗೆ ಕಾಣುತ್ತದೆ ಎಂದೆ. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಬಸ್ಸಿಗೆ ಹೋದಳು.

ನಾಲ್ಕು ಕಾಗದಗಳ ಕಥೆ ಅಲ್ಲಿಗೇ ಮುಗಿಯಿತು. ಗಾಬರಿಯಲ್ಲಿ ಹೈಪೋದಲ್ಲಿ ಪೂರ್ತಿ ನೆನೆಸದೆ ಬಿಸಿಲಿಗೆ ಒಯ್ದಿದ್ದೆನಲ್ಲ, ಸಂಜೆಯ ಹೊತ್ತಿಗೆ ಕಂದಿದವು, ಮರುದಿನಕ್ಕೆ ನಾಲ್ಕೂ ಒಂದೇ ಸಮ ಕಪ್ಪು. ಕಸುಬಿನ ಮೊದಲ ಪಾಠವನ್ನೇ ಮರೆತಿದ್ದೆ. ಈಗ ಸಾಕ್ಷಿ ಕೇಳಿದರೆ ನನ್ನ ಹತ್ತಿರ ಏನೂ ಇಲ್ಲ. ಉಸ್ಮಾನ್ ಸಾಬರೂ ಇಲ್ಲ. ಇರುವ ತನಕ ಅವರು ಆ ವಿಷಯ ಎತ್ತಲಿಲ್ಲ. ಒಂದು ಸಲ ನಾನೇ ಎತ್ತಿದಾಗ, “ನೋಡಿದ್ದು ಹೌದ್ರಿ, ಅದರ ಮ್ಯಾಲ ನನ್ನ ಕೇಳಬ್ಯಾಡ್ರಿ” ಎಂದರು.

ಭೀಮಶಾ ಮಾತು ಉಳಿಸಿಕೊಂಡರು. ಯುಗಾದಿಗೆ ಮೊದಲೇ ಚಂದಮ್ಮನ ಉಡಿಕಿ ಆಗಿ ಆಕೆ ಸುಲೇಪೇಟಕ್ಕೆ ಹೋದಳೆಂದು ಸುದ್ದಿ ಬಂತು. ಆ ಸುದ್ದಿ ಬಂದ ದಿನ ನಾನು ಧೈರ್ಯ ಮಾಡಿ ಹಳೆಯ ನೆಗೆಟಿವನ್ನು ಮತ್ತೆ ಯಂತ್ರಕ್ಕೆ ಹಾಕಿದೆ. ಅದೇ ಚೌಕ, ಅದೇ ಅಳತೆ. ಜೇಬಿನ ಅಂಚು ಕೆಳಗೆ, ತಲೆಯ ಮೇಲೆ ನಾಲ್ಕು ಬೆರಳು, ಎಲ್ಲ ಒಂದೇ ಸಲಕ್ಕೆ ಸರಿಯಾಗಿ ಬಂತು. ಸಮಾಧಾನವಾಗಬೇಕಿತ್ತು. ಅದರ ಬದಲು ನನಗೆ ಆವತ್ತು ಊಟ ಸೇರಲಿಲ್ಲ. ಮೊದಲು ಎದ್ದವನು ಈಗ ಯಾಕೆ ಸುಮ್ಮನೆ ಕೂತ ಎಂದು ತಲೆಯಲ್ಲಿ ಕೊರೆಯತೊಡಗಿತು.

ಗುಲಬರ್ಗಾದಲ್ಲಿ ನನಗೆ ಕಸುಬು ಕಲಿಸಿದ ಉಸ್ತಾದರನ್ನು ಕೇಳಿದೆ. ಯಂತ್ರದ ದೀಪದ ಕಾವಿಗೆ ಫಿಲ್ಮು ಉಬ್ಬುತ್ತದೆ ಎಂದರು. ಉಬ್ಬಿದರೆ ಒಬ್ಬನೇ ಉಬ್ಬುತ್ತಾನೆಯೇ ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ರಾತ್ರಿ ನಿದ್ದೆ ಸರಿಯಾಗಿ ಮಾಡುತ್ತೀಯಾ ಎಂದು ವಿಚಾರಿಸಿದರು. ನಾನು ಗಿರಾಕಿಗಳಿಗೆ ಮಾಡುತ್ತಿದ್ದ ಉಪಚಾರ ನನಗೇ ಆಯಿತು. ಆಮೇಲೆ ಯಾರನ್ನೂ ಕೇಳಲಿಲ್ಲ.

ಏಳೆಂಟು ವರ್ಷ ಕಳೆಯಿತು. ಅಷ್ಟರಲ್ಲಿ ರಾಜ್ಯದ ಹೆಸರು ಕರ್ನಾಟಕ ಆಗಿತ್ತು. ಒಂದು ದಿನ ಚಂದಮ್ಮ ಗಂಡನನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬಂದಳು. ಶಹಾಬಾದಿನಲ್ಲಿ ಯಾರದೋ ಮದುವೆಗೆ ಬಂದವರು, ಮನೆಯವರೆಲ್ಲ ಕೂಡಿ ಒಂದು ಫೋಟೋ ಇರಲಿ ಎಂದು ಬಂದಿದ್ದರು. ಮೈ ತುಂಬಿಕೊಂಡಿದ್ದಳು. ನನಗೆ ಗುರುತು ಹತ್ತಲಿಲ್ಲ, ಆಕೆಯೇ ಹೇಳಿಕೊಂಡಳು. ಗಂಡ ಮಕ್ಕಳಿಬ್ಬರನ್ನು ಹೊರಗಿನ ನಲ್ಲಿಗೆ ಕರೆದೊಯ್ದು ಮುಖ ತೊಳೆಸುತ್ತಿದ್ದರು. ನಾನು ದೀಪ ಸರಿಪಡಿಸುತ್ತಿದ್ದೆ.

“ಆವತ್ತು ಒಳಗ ಏನಾಯ್ತ್ರಿ?” ಎಂದು ಕೇಳಿದಳು. “ನೀವು ಹೊರಗ ಬಂದಾಗ ನಿಮ್ಮ ಮಾರಿ ಬಿಳಿಚಿತ್ತು. ಫಿಲ್ಮ್ ಕೆಟ್ಟಿದ್ರ ಹಂಗ ಆಗಂಗಿಲ್ಲ.”

ಸುಳ್ಳು ಹೇಳಬಹುದಿತ್ತು. ಯಾಕೋ ಆಗಲಿಲ್ಲ. ನಾಲ್ಕು ಕಾಗದಗಳಲ್ಲಿ ಅವನು ಎದ್ದು ನಿಂತದ್ದನ್ನೂ, ಕೊನೆಗೆ ನಾನು ಕುಂಚ ಹಿಡಿದದ್ದನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಹೇಳುತ್ತಿದ್ದಂತೆ ಹೆದರಿಕೆಯಾಯಿತು. ಈಗ ಇದನ್ನು ಕೇಳಿ ಈಕೆ ಏನು ಮಾಡಿಕೊಳ್ಳಬೇಕು? ನನ್ನ ಭಾರ ಇಳಿಸಿಕೊಳ್ಳಲು ಆಕೆಯ ತಲೆಗೆ ಹೊರಿಸಿದೆನೇ ಎಂದು ನಾಚಿಕೆಯಾಯಿತು. ತಪ್ಪಾಯಿತು ತಾಯಿ ಎಂದೆ.

ಚಂದಮ್ಮ ಸೆರಗು ಸರಿಮಾಡಿಕೊಂಡಳು. ಹೊರಗೆ ಮಕ್ಕಳ ಗಲಾಟೆಯ ಕಡೆ ಒಮ್ಮೆ ನೋಡಿದಳು.

“ಅಂವ ಅದಾನ ಅಂತ ನನಗ ಆವತ್ತೂ ಗೊತ್ತಿತ್ತು ಬಿಡ್ರಿ,” ಎಂದಳು. “ಇದ್ದೂ ಬರಲಾರದಂವನ್ನ ಎಷ್ಟು ದಿನ ಕಾಯಬೇಕ್ರಿ?”

ಹೇಗೆ ಗೊತ್ತಿತ್ತು ಎಂದು ಕೇಳಿದೆ. ಅಷ್ಟರಲ್ಲಿ ಗಂಡ ಮಕ್ಕಳ ತಲೆ ಬಾಚಿ ಕರೆದುಕೊಂಡು ಒಳಗೆ ಬಂದು, ಸುರು ಮಾಡ್ರಿ ಎಂದರು. ಆಕೆ ಎದ್ದು ಅವರ ಪಕ್ಕ ಹೋಗಿ ನಿಂತು, ಚಿಕ್ಕ ಮಗುವನ್ನು ಎತ್ತಿಕೊಂಡಳು. ನಾನು ಫೋಟೋ ತೆಗೆದೆ. ಆಮೇಲೆ ಆಕೆಯನ್ನು ಒಬ್ಬಳೇ ಮಾತಾಡಿಸುವ ಸಂದರ್ಭ ಬರಲಿಲ್ಲ. ಬಂದಿದ್ದರೂ ಕೇಳುತ್ತಿದ್ದೆನೋ ಇಲ್ಲವೋ.

ಯಾರೋ ಕಾಗದ ಬರೆದಿದ್ದರೇ? ಯಾರಾದರೂ ಮದ್ರಾಸಿನಲ್ಲೋ ಮುಂಬಯಿಯಲ್ಲೋ ಅವನನ್ನು ಕಂಡು ಬಂದು ಹೇಳಿದ್ದರೇ? ಅಥವಾ ಹೆಂಡತಿಯಾದವಳಿಗೆ ಸುಮ್ಮನೆ ಹಾಗೆ ಅನ್ನಿಸಿತ್ತೇ? ಇದಕ್ಕೂ ನನ್ನ ಕತ್ತಲ ಕೋಣೆಯಲ್ಲಿ ನಡೆದದ್ದಕ್ಕೂ ಏನಾದರೂ ಸಂಬಂಧ ಇದೆಯೇ, ಇ‌ಲ್ಲವೇ? ಇಷ್ಟು ವರ್ಷ ಯೋಚಿಸಿಯೂ ನಾನು ಒಂದು ಹೆಜ್ಜೆ ಮುಂದೆ ಹೋಗಿಲ್ಲ. ಚಂದಮ್ಮನಿಗೆ ಇದನ್ನೆಲ್ಲ ಬಿಡಿಸಿಕೊಳ್ಳುವ ಅಗತ್ಯ ಬೀಳಲಿಲ್ಲ. ಆಕೆಯ ವಿಷಯದಲ್ಲಿ ನನಗೆ ಈಗ ದುಃಖವಿಲ್ಲ.

ನನ್ನನ್ನು ಕಾಡುವುದು ಮುದುಕರು. ಚಂದಮ್ಮ ಮಕ್ಕಳೊಂದಿಗೆ ಬರುವ ಎರಡು ವರ್ಷ ಮೊದಲೇ ಭೀಮಶಾ ತೀರಿಕೊಂಡಿದ್ದರು. ಅವರ ಕಡೆಯವರೊಬ್ಬರು ಆಮೇಲೆ ನನಗೆ ಹೇಳಿದರು. ಫೋಟೋ ಗೋಡೆಗೆ ಬಂದ ಹೊಸದರಲ್ಲಿ ಭೀಮಶಾ ಅದರ ಕಡೆ ತಲೆಯೆತ್ತಿ ನೋಡುತ್ತಿರಲಿಲ್ಲವಂತೆ. ಬಾಗಿಲಲ್ಲಿ ಸಪ್ಪಳವಾದರೆ ಎದ್ದು ಹೋಗಿ ನೋಡುತ್ತಿದ್ದರಂತೆ. ಒಂದೆರಡು ವರ್ಷಕ್ಕೆ ಅದು ನಿಂತಿತು. ಕೊನೆಕೊನೆಗೆ ಪ್ರತಿ ಸೋಮವಾರ ತಾವೇ ಹೂ ತಂದು ಹಾಕುತ್ತಿದ್ದರು. ಮಗ ಸತ್ತಿದ್ದಾನೆಂದು ಅವರು ನನ್ನ ಕೈಕೆಲಸ ನೋಡಿ ನಂಬಿದರು. ಅದು ನಿಜವೋ ಸುಳ್ಳೋ ನನಗೆ ಇವತ್ತಿಗೂ ಗೊತ್ತಿಲ್ಲ.